ಡ್ರೈವಿಂಗ್ ಮೇಷ್ಟ್ರು ಕೇಳಿದ ಪ್ರಶ್ನೆ

ಹೋದ ವಾರ ಕನಕಪುರದ ಬಸ್ ಸ್ಟ್ಯಾಂಡ್ ಕಡೆಯಿಂದ ಮನೆಗೆ ಬರುವಾಗ ನನ್ನ ಮುಂದಿದ್ದ ಕಾರು ಏರಿನಲ್ಲಿ ನಿಂತುಬಿಟ್ಟಿತು. ಹಿಂದಿನ ಗಾಜಿಗೆ ಕೆಂಪು ಅಕ್ಷರದ 'ಎಲ್' ಅಂಟಿಸಿದ್ದರು. ಯಾರೋ ಹೊಸದಾಗಿ ಕಲಿಯುತ್ತಿದ್ದರು. ಕಾರು ಒಮ್ಮೆ ಮುಂದಕ್ಕೆ ಜಿಗಿದು, ಗಡಗಡ ನಡುಗಿ ಮತ್ತೆ ಆಫ್ ಆಯಿತು. ಹಿಂದಿನಿಂದ ಹಾರ್ನುಗಳು ಶುರುವಾದವು. ಆಮೇಲೆ ತೆರೆದ ಕಿಟಕಿಯಿಂದ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಒಳಗೆ ಬಂತು. ಕಮಟು, ಖಾರ, ಗಂಟಲಲ್ಲಿ ಕೂರುವಂಥ ವಾಸನೆ... ನಾನು ಹ್ಯಾಂಡ್ ಬ್ರೇಕ್ ಎಳೆದು ಸುಮ್ಮನೆ ಕುಳಿತೆ. ಹಾರ್ನ್ ಹೊಡೆಯುವ ಮನಸ್ಸಾಗಲಿಲ್ಲ. ಮುಂದಿನ ಕಾರಿನಲ್ಲಿ ಕಲಿಸುತ್ತಿದ್ದಾತ ಹುಡುಗಿಗೆ ಜೋರಾಗಿ ಏನೋ ಬಯ್ಯುತ್ತಿದ್ದ. ನಮ್ಮ ಮೇಷ್ಟ್ರಾಗಿದ್ದರೆ ಬಯ್ಯುತ್ತಿರಲಿಲ್ಲ ಎಂದುಕೊಂಡೆ.

ನಾವು ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಮೇಷ್ಟ್ರು. ನಮ್ಮ ಬೀದಿಯಲ್ಲೇ, ನಮ್ಮದಕ್ಕೆ ಕಾಂಪೌಂಡು ಅಂಟಿಕೊಂಡ ಮನೆ. ಹಳೆಯ ಬಿಳಿ ಕಾರೊಂದನ್ನು ಇಟ್ಟುಕೊಂಡು ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಅವರು ಕೂರುವ ಕಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು. ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವರು ಅವರೇ. ನಾನು ಸ್ಕೂಟರಿನಿಂದ ಬಿದ್ದು ಮೊಣಕೈ ಮುರಿದುಕೊಂಡ ಮೇಲೆ ಯಾವ ಗಾಡಿಯನ್ನೂ ಮುಟ್ಟುವುದಿಲ್ಲ ಎಂದು ಕೂತಿದ್ದೆ. ಹಾರೋಹಳ್ಳಿಯ ಫ್ಯಾಕ್ಟರಿಯ ಆಫೀಸಿಗೆ ಹೋಗಿಬರಲು ದಿನವೂ ಬಸ್ಸಿಗಾಗಿ ಒದ್ದಾಡುತ್ತಿದ್ದೆ. ಒಂದು ಭಾನುವಾರ ಅವರೇ ಗೇಟಿನ ಹತ್ತಿರ ಬಂದು, "ಬನ್ನಿ, ಸುಮ್ನೆ ಒಂದು ರೌಂಡು. ಬೇಜಾರಾದ್ರೆ ಇಳಿದು ನಡ್ಕೊಂಡು ಬನ್ನಿ" ಎಂದು ಕರೆದರು. ಆವತ್ತು ಕೀ ಹಾಕುವುದಕ್ಕೇ ನನಗೆ ಮೂರು ಸಲ ಬೇಕಾಯಿತು. ಅವರು ನೋಡಿ ನಗಲಿಲ್ಲ. "ಭಯ ಇರ್ಲಿ ಕಣಮ್ಮ, ಭಯ ಒಳ್ಳೇದೇಯ. ಗಾಬ್ರಿ ಬ್ಯಾಡ" ಎಂದರು. ಎರಡಕ್ಕೂ ವ್ಯತ್ಯಾಸವಿದೆ ಎನ್ನುವುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಸೋಲೂರಿನ ಕಡೆಯವರು. ಮಾತು ಕಡಿಮೆ, ಕೆಲಸ ಹೆಚ್ಚು. ಊರಿಗೆಲ್ಲ ಡ್ರೈವಿಂಗ್ ಕಲಿಸಿದವರು ಅಕ್ಕನಿಗೆ ಮಾತ್ರ ಕಲಿಸಿರಲಿಲ್ಲ. ಕೇಳಿದರೆ, "ಕಲ್ಸಕ್ಕೆ ಹೋದ್ರೆ ಮನೇಲಿ ಅನ್ನ ಹುಟ್ಟಲ್ಲ ಕಣಮ್ಮ" ಎಂದು ಮೇಷ್ಟ್ರು ನಗುತ್ತಿದ್ದರು. ಅಕ್ಕನ ತಮ್ಮ ಸೋಲೂರಿನಲ್ಲಿ ತೆಂಗಿನ ತೋಟ, ಹಸು ಎಲ್ಲ ನೋಡಿಕೊಂಡಿದ್ದ. ತಿಂಗಳಿಗೊಮ್ಮೆ ಗೋಣಿಚೀಲದಲ್ಲಿ ಕಾಯಿ, ಕ್ಯಾನಿನಲ್ಲಿ ತುಪ್ಪ ಹೊತ್ತುಕೊಂಡು ಬರುತ್ತಿದ್ದ. ಭಾವ ಎಂದರೆ ಅವನಿಗೆ ಪ್ರಾಣ. ಮೇಷ್ಟ್ರಿಗೂ ಅವನೆಂದರೆ ಹಾಗೇ. ಒಬ್ಬಳೇ ಮಗಳನ್ನು ಚನ್ನಪಟ್ಟಣಕ್ಕೆ ಕೊಟ್ಟಿದ್ದರು.

ಲೈಸೆನ್ಸ್ ರಿನ್ಯೂವಲಿಗೆಂದು ಮೇಷ್ಟ್ರು ರಾಮನಗರದಲ್ಲಿ ವೈದ್ಯರ ಸರ್ಟಿಫಿಕೇಟು ಮಾಡಿಸಲು ಹೋದದ್ದೇ ಎಲ್ಲದಕ್ಕೂ ಮೊದಲು. ಬಲಗಡೆ ಪಕ್ಕೆಯ ಕೆಳಗೆ ಆಗಾಗ ಭಾರ ಅನ್ನಿಸುತ್ತದೆ ಎಂದು ಮಾತಿಗೆ ಮಾತು ಬಂದು ಹೇಳಿದರಂತೆ. ಆ ವೈದ್ಯರು ಸ್ಕ್ಯಾನಿಂಗಿಗೆ ಬರೆದರು. ಸ್ಕ್ಯಾನಿಂಗ್ ಮಾಡುವಾತ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿ ನೋಡಿ, ಅಲ್ಲಿಯವರೆಗೆ ಮಾತಾಡುತ್ತಿದ್ದವನು ಮಾತು ನಿಲ್ಲಿಸಿದನಂತೆ. "ಅವ್ನು ಸುಮ್ನಾದಾಗಲೇ ನಂಗೆ ಗೊತ್ತಾಯ್ತು" ಎಂದು ಆಮೇಲೆ ಮೇಷ್ಟ್ರು ಹೇಳಿದರು. ಹಿಂದೆ ಯಾವಾಗಲೋ ರಕ್ತದಾನ ಮಾಡಲು ಹೋದಾಗ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆ, ಕಾಲಕಾಲಕ್ಕೆ ಲಿವರ್ ತೋರಿಸುತ್ತಿರಬೇಕು ಎಂದು ಹೇಳಿ ಕಳಿಸಿದ್ದರು. ಏನೂ ತೊಂದರೆ ಕಾಣಲಿಲ್ಲ ಎಂದು ಇವರು ಮರೆತುಬಿಟ್ಟಿದ್ದರು. ಅದು ಒಳಗೇ ತನ್ನ ಕೆಲಸ ಮಾಡಿಕೊಂಡು ಕೂತಿತ್ತು. ಈಗ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಿತ್ತು.

ಮಗಳು ಆಗ ಹಸಿ ಬಾಣಂತಿ. ಹಾಗಾಗಿ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ, ಅಷ್ಟರಲ್ಲಿ ಕಲಿತು ಕಾರು ಕೊಂಡಿದ್ದ ನನ್ನ ಪಾಲಿಗೆ ಬಂತು. ಮೇಷ್ಟ್ರು ಪಕ್ಕದಲ್ಲಿ, ಅಕ್ಕ ಮತ್ತು ಅವರ ತಮ್ಮ ಹಿಂದಿನ ಸೀಟಿನಲ್ಲಿ. ನನ್ನ ಕಾರಿನಲ್ಲಿ ಅವರ ಕಾಲಿನ ಹತ್ತಿರ ಬ್ರೇಕ್ ಇಲ್ಲ. ಆದರೂ ಲಾರಿ ಅಡ್ಡ ಬಂದಾಗಲೆಲ್ಲ ಅವರ ಬಲಗಾಲು ಕೆಳಗಿನ ಮ್ಯಾಟನ್ನು ಒತ್ತುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು.

ಸರ್ಜನ್ ಒಬ್ಬ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವರು. ಗಡ್ಡೆ ಒಂದೇ ಇದೆ, ಲಿವರಿನ ಬಲಭಾಗದಲ್ಲಿ ಹಿಂದುಗಡೆ ಇದೆ, ಉಳಿದ ಲಿವರ್ ಚೆನ್ನಾಗಿ ಕೆಲಸ ಮಾಡುತ್ತಿದೆ, ಆದ್ದರಿಂದ ಕತ್ತರಿಸಿ ತೆಗೆಯಬಹುದು ಎಂದರು. ತೆಗೆಯುವುದಕ್ಕೆ ಎರಡು ದಾರಿ. ಪಕ್ಕೆಯ ಕೆಳಗೆ ಉದ್ದಕ್ಕೆ ಕೊಯ್ದು ಹೊಟ್ಟೆ ತೆರೆಯುವುದು ಒಂದು. ಸಣ್ಣ ಸಣ್ಣ ತೂತುಗಳ ಮೂಲಕ ರೋಬೋಟಿನ ಕೈಗಳನ್ನು ಒಳಗೆ ಬಿಟ್ಟು, ಸರ್ಜನ್ ಸ್ವಲ್ಪ ದೂರದಲ್ಲಿ ಪರದೆಯ ಮುಂದೆ ಕುಳಿತು ಅವನ್ನು ನಡೆಸುವುದು ಇನ್ನೊಂದು. ತಮ್ಮ ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದರು. ಪ್ಲಾಸ್ಟಿಕ್ ಹೊದಿಸಿದ ನಾಲ್ಕು ತೋಳು, ಕೆಳಗೆ ಒಂದು ಮಂಚ. ಅಕ್ಕ ಅದನ್ನು ನೋಡಿ ಮುಖ ತಿರುಗಿಸಿದರು.

ಮೇಷ್ಟ್ರು ಮಾತ್ರ ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಕೇಳಿದರು, "ಮೇಡಂ, ನೀವು ಆ ಮೂಲೇಲಿ ಕೂತಿರ್ತೀರ. ನಾನು ಇಲ್ಲಿ ಮಲ್ಗಿರ್ತೀನಿ. ಏನಾರ ಹೆಚ್ಚುಕಮ್ಮಿ ಆದ್ರೆ ಬ್ರೇಕು ಯಾರ ಕಾಲಲ್ಲಿರ್ತೈತೆ?"

ವೈದ್ಯರಿಗೆ ಮೊದಲು ಅರ್ಥವಾಗಲಿಲ್ಲ. ಇವರ ಕಸುಬು ಏನೆಂದು ನಾನು ಹೇಳಿದ ಮೇಲೆ ಮುಖ ಸಡಿಲವಾಯಿತು. "ನಿಮ್ಮ ಪಕ್ಕದಲ್ಲೇ ಇನ್ನೊಬ್ಬ ಸರ್ಜನ್ ನಿಂತಿರ್ತಾರೆ. ಯಂತ್ರ ತಾನಾಗಿ ಏನೂ ಮಾಡಲ್ಲ, ನನ್ನ ಕೈ ಆಡಿದಷ್ಟೇ ಅದು ಆಡುತ್ತೆ. ರಕ್ತ ಹಿಡಿತಕ್ಕೆ ಬರದಿದ್ರೆ ಅದನ್ನ ಬದಿಗೆ ಸರಿಸಿ ಹೊಟ್ಟೆ ತೆರೀತೀವಿ. ಹಾಗೆ ಆಗಬಹುದು. ಈಗಲೇ ಹೇಳಿರ್ತೀನಿ, ಆಮೇಲೆ ಗಾಬರಿಯಾಗಬಾರದು."

ಅಕ್ಕನ ತಮ್ಮನಿಗೆ ಸಮಾಧಾನವಾಗಲಿಲ್ಲ. "ಕೈಯಲ್ಲಿ ಮುಟ್ಟಿ ನೋಡಿದ್ರೆ ತಾನೆ ಗೆಡ್ಡೆ ಎಲ್ಲಿಗಂಟ ಐತೆ ಅಂತ ಗೊತ್ತಾಗದು? ಮಿಷನ್‌ಗೆ ಏನ್ ಗೊತ್ತಾಯ್ತದೆ?" ಎಂದ. ಕೇಳಬೇಕಾದ ಮಾತೇ ಅದು, ವೈದ್ಯರೂ ಹಾಗೇ ಅಂದರು. ಕೈಗೆ ತಿಳಿಯುವ ಸ್ಪರ್ಶ ಯಂತ್ರದಲ್ಲಿ ಸಿಗುವುದಿಲ್ಲ, ಅದಕ್ಕೇ ಒಳಗೇ ಲಿವರಿನ ಮೇಲೆ ಸ್ಕ್ಯಾನಿಂಗ್ ಕಡ್ಡಿ ಇಟ್ಟು ಗಡ್ಡೆಯ ಅಂಚು ನೋಡಿಕೊಂಡು ಕೊಯ್ಯುತ್ತೇವೆ ಎಂದು ವಿವರಿಸಿದರು.

ಕೊನೆಗೆ ಅಕ್ಕ ಬಾಯಿಬಿಟ್ಟರು. "ಯಾವ್ದ್ರಲ್ಲಿ ಮಾಡ್ಸಿದ್ರೆ ಮತ್ತೆ ಬರಕಿಲ್ಲ?"

"ಅದಕ್ಕೆ ನಾನು ಯಾವುದರಲ್ಲೂ ಗ್ಯಾರಂಟಿ ಕೊಡಲಾರೆ ಅಮ್ಮ" ಎಂದರು ವೈದ್ಯರು. "ರೋಬೋಟಿನಲ್ಲಿ ಮಾಡಿದರೆ ರಕ್ತ ಕಡಿಮೆ ಹೋಗುತ್ತೆ, ನೋವು ಕಡಿಮೆ, ಬೇಗ ಎದ್ದು ಓಡಾಡ್ತಾರೆ. ಕ್ಯಾನ್ಸರ್ ವಾಪಸ್ ಬರೋ ವಿಷಯದಲ್ಲಿ, ನಮಗೆ ಈವರೆಗೆ ಗೊತ್ತಿರೋ ಮಟ್ಟಿಗೆ, ಅದು ತೆರೆದು ಮಾಡೋದಕ್ಕಿಂತ ಕಡಿಮೆಯದ್ದಲ್ಲ. ಹೆಚ್ಚಿನದ್ದು ಅಂತಲೂ ಹೇಳೋ ಹಾಗಿಲ್ಲ. ಈ ಪದ್ಧತಿ ಇನ್ನೂ ಹೊಸದು, ತುಂಬ ವರ್ಷದ ಅನುಭವ ಯಾರ ಹತ್ತಿರವೂ ಇಲ್ಲ."

ಬರುವಾಗ ಕಾರಿನಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಹಾರೋಹಳ್ಳಿ ದಾಟಿದ ಮೇಲೆ ಮೇಷ್ಟ್ರು ಹಿಂದೆ ತಿರುಗದೆಯೇ, "ನಂಗೆ ತಲೆ ಓಡ್ತಾ ಇಲ್ಲ ಕಣೆ. ನೀನೇ ಹೇಳ್ಬುಡು" ಎಂದರು. ಅಕ್ಕನ ಅಪ್ಪನಿಗೆ ಹಿಂದೆ ಹೊಟ್ಟೆ ಕೊಯ್ದು ಆಪರೇಷನ್ ಆಗಿತ್ತು. ಬೇರೆ ಏನೋ ಕಾಯಿಲೆ. ಗಾಯ ಮಾಯಲಿಲ್ಲ, ಕೀವಾಯಿತು, ಮಲಗಿದವರು ಏಳಲಿಲ್ಲ. ಡ್ರೆಸ್ಸಿಂಗ್ ಬಿಚ್ಚುವಾಗ ಪ್ರತಿ ದಿನ ಕೈ ಹಿಡಿದು ಕೂತಿದ್ದವರು ಅಕ್ಕ. "ಮಿಷನ್ನಲ್ಲೇ ಮಾಡ್ಸಣ" ಎಂದರು. ಅಕ್ಕನ ತಮ್ಮ ಕಿಟಕಿಯ ಕಡೆ ಮುಖ ಮಾಡಿ, "ನಿಮ್ಮಿಷ್ಟ. ನಾಳೆ ನನ್ನ ಕೇಳ್ಬೇಡಿ" ಎಂದ.

ಆಪರೇಷನ್ ದಿನ ಬೆಳಿಗ್ಗೆಯೇ ಅವರನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ಕಾಯುವ ಜಾಗದಲ್ಲಿ ಸಾಲುಸಾಲು ಕುರ್ಚಿ, ಗೋಡೆಗೆ ಶಬ್ದವಿಲ್ಲದ ಟೀವಿ. ಅಕ್ಕ ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡು ಕುಳಿತರು. ತಮ್ಮ ಅವರ ಪಕ್ಕ ಕೂರದೆ ಎದುರು ಸಾಲಿನಲ್ಲಿ ಕುಳಿತ. ಮಧ್ಯಾಹ್ನಕ್ಕೆ ಮುಗಿಯುತ್ತದೆ ಎಂದಿದ್ದರು. ಮಧ್ಯಾಹ್ನ ಕಳೆಯಿತು. ನಮ್ಮ ಜೊತೆ ಬಂದು ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಕರೆ ಬಂದು ಎದ್ದು ಹೋದರು. ನಾನು ತಂದ ಟೀ ಅಕ್ಕನ ಪಕ್ಕದಲ್ಲಿ ಕೆನೆಗಟ್ಟಿತು.

ಆಮೇಲೆ ಮೈಕಿನಲ್ಲಿ ಮೇಷ್ಟ್ರ ಹೆಸರು ಕೂಗಿದರು. ಅಕ್ಕ ಎದ್ದು ಬಾಗಿಲ ಕಡೆ ಹೋದರು. ಬಾಗಿಲ ಹತ್ತಿರ ಹಸಿರು ಬಟ್ಟೆಯ ಯುವ ವೈದ್ಯರೊಬ್ಬರು ನಿಂತಿದ್ದರು. ಗಡ್ಡೆಯ ಪಕ್ಕದಲ್ಲೇ ಇದ್ದ ಒಂದು ರಕ್ತನಾಳ ಹರಿದಿದೆ, ರಕ್ತ ಹೋಗುತ್ತಿದೆ, ಮೇಡಂ ಹಿಡಿತಕ್ಕೆ ತರುತ್ತಿದ್ದಾರೆ, ತೆರೆಯಬೇಕಾಗಿ ಬಂದರೂ ಬರಬಹುದು, ನಿಮಗೆ ತಿಳಿಸಲು ಹೇಳಿದರು ಎಂದು ಒಂದೇ ಉಸಿರಿಗೆ ಹೇಳಿ ಬಾಗಿಲು ಹಾಕಿಕೊಂಡರು. ಆ ಬಾಗಿಲಿಗೆ ಎರಡು ದುಂಡನೆಯ ಗಾಜು. ಅದರಾಚೆ ಇನ್ನೊಂದು ಬಾಗಿಲು ಕಾಣುತ್ತಿತ್ತು, ಅಷ್ಟೇ. ನಾನು ತಿರುಗಿ ನೋಡಿದಾಗ ತಮ್ಮನಾದವನು ಅಕ್ಕನನ್ನೇ ನೋಡುತ್ತಿದ್ದ. ಬಯ್ದಿದ್ದರೆ ಅಕ್ಕನಿಗೆ ಅಷ್ಟು ತಾಗುತ್ತಿರಲಿಲ್ಲವೇನೋ...

ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಗೊತ್ತಿಲ್ಲ. ಭಯ ಇರಲಿ, ಗಾಬರಿ ಬೇಡ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಎರಡನ್ನೂ ಬೇರೆ ಮಾಡಲು ಆವತ್ತು ನನ್ನಿಂದ ಆಗಲಿಲ್ಲ. ಬಾಗಿಲು ಮತ್ತೆ ತೆರೆದಾಗ ಸರ್ಜನ್ ಅವರೇ ಹೊರಗೆ ಬಂದರು. ಹಣೆಯ ಮೇಲೆ ಟೋಪಿಯ ಗುರುತು ಕೆಂಪಗೆ ಒತ್ತಿತ್ತು. ರಕ್ತ ನಿಂತಿದೆ, ತೆರೆಯಬೇಕಾಗಲಿಲ್ಲ, ಗಡ್ಡೆ ಪೂರ್ತಿ ಬಂದಿದೆ ಎಂದರು. ಅಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಮಾರನೆಯ ದಿನವೇ ಮೇಷ್ಟ್ರು ನರ್ಸಿನ ತೋಳು ಹಿಡಿದು ವಾರ್ಡಿನಲ್ಲಿ ನಡೆದರು. ಕೆಲವು ದಿನಗಳಲ್ಲಿ ಮನೆಗೆ ಬಂದರು. ತೆಗೆದ ಭಾಗದ ಅಂಚಿನಲ್ಲಿ ಎಲ್ಲೂ ಕ್ಯಾನ್ಸರ್ ಕಾಣಲಿಲ್ಲ ಎಂದು ರಿಪೋರ್ಟ್ ಬಂತು. ಬೀದಿಯವರು ನೋಡಲು ಬಂದಾಗ ಅಂಗಿ ಎತ್ತಿ ಹೊಟ್ಟೆಯ ಮೇಲಿನ ಪುಟ್ಟ ಕಲೆಗಳನ್ನು ತೋರಿಸುತ್ತಿದ್ದರು. "ಸೊಳ್ಳೆ ಕಡ್ದಂಗೈತೆ ನೋಡ್ರಿ" ಎನ್ನುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಬಿಳಿ ಕಾರು ಮತ್ತೆ ಬೀದಿಗೆ ಇಳಿಯಿತು. ತಮ್ಮನೂ ಕಾಯಿ, ತುಪ್ಪ ಹೊತ್ತು ಬರತೊಡಗಿದ. ಮೇಷ್ಟ್ರು ಹೆಪಟೈಟಿಸ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಕಾಲಕಾಲಕ್ಕೆ ಸ್ಕ್ಯಾನಿಂಗಿಗೆ ನಾವು ಮೂವರೂ ಹೋಗುತ್ತಿದ್ದೆವು. ದಾರಿಯಲ್ಲಿ ತಟ್ಟೆ ಇಡ್ಲಿ ತಿನ್ನಲೆಂದೇ ಬಿಡದಿಯ ಕಡೆಯಿಂದ ಸುತ್ತಿಕೊಂಡು ಬರುತ್ತಿದ್ದದ್ದೂ ಉಂಟು. ಎರಡು ವರ್ಷ ಹೀಗೆ ಕಳೆಯಿತು.

ಆಮೇಲೊಂದು ಸ್ಕ್ಯಾನಿಂಗ್‌ನಲ್ಲಿ ಮತ್ತೆ ನೆರಳು ಕಂಡಿತು. ಈ ಸಲ ಒಂದಲ್ಲ, ಹಲವು. ಕೊಯ್ದು ತೆಗೆಯುವಂತಿಲ್ಲ ಎಂದರು. ಬೇರೆ ಔಷಧಿ ಶುರುವಾಯಿತು. ಮೇಷ್ಟ್ರ ಕೆನ್ನೆ ಒಳಗೆ ಹೋಯಿತು, ಕಾರು ಶೆಡ್ಡಿನಲ್ಲಿ ನಿಂತಿತು.

ಮೊಮ್ಮಗನ ಮುಡಿ ತೆಗೆಸುವ ದಿನ ಮನೆತುಂಬ ನೆಂಟರಿದ್ದರು. ಊಟ ಮುಗಿದು ಎಲೆ ಎತ್ತುವ ಹೊತ್ತು. ಯಾರೋ ಮೇಷ್ಟ್ರ ಆರೋಗ್ಯದ ಮಾತು ತೆಗೆದರು. ಅಕ್ಕನ ತಮ್ಮ ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಎಲ್ಲರ ಮುಂದೆ ಆಡಿಬಿಟ್ಟ. "ನಾನು ಅವತ್ತೇ ಬಡ್ಕೊಂಡೆ. ಅಕ್ಕ ಕೇಳ್ಲಿಲ್ಲ. ಕೈ ಹಾಕಿ ತೆಗ್ದಿದ್ರೆ ಬೇರು ಸಮೇತ ಬತ್ತಿತ್ತು. ಮಿಷನ್ನು ಮಿಷನ್ನು ಅಂತ ನೀನೇ ತಾನೆ ಅಂದಿದ್ದು?" ಅಕ್ಕನ ಕೈಯಲ್ಲಿ ಎಲೆಗಳಿದ್ದವು. ಅವನ್ನು ಹೊರಗೆ ಹಾಕಿ ಬಂದು, ಕೈ ತೊಳೆದು, ಒಳಗೆ ಹೋದರು. ಅವತ್ತಿನಿಂದ ಅವರು ಸರಿಯಾಗಿ ಉಣ್ಣುವುದನ್ನು ನಾನು ನೋಡಲಿಲ್ಲ. ಒಂದು ಸಂಜೆ ಕಾಂಪೌಂಡಿನ ಹತ್ತಿರ ನಿಂತು, "ನಾನೇ ಕೊಂದೆ ಅಂತ ಅನ್ನಿಸ್ತದೆ ಕಣವ್ವ" ಎಂದರು. ನಿಜ ಏನೆಂದು ಗೊತ್ತಿಲ್ಲದೆ ಸಮಾಧಾನ ಹೇಳುವುದು ಹೇಗೆ...

ಆ ಮಾತು ಒಳಗೆ ಮಲಗಿದ್ದ ಮೇಷ್ಟ್ರಿಗೂ ಕೇಳಿಸಿತ್ತು. ಮರುದಿನ ಬೆಳಿಗ್ಗೆ ನನ್ನನ್ನು ಕರೆಸಿ ಕಾರು ತೆಗೆಯಲು ಹೇಳಿದರು. "ಸೋಲೂರಿಗೆ ಹೋಗಣ. ಬಾಮೈದನ್ನ ಹತ್ತಿಸ್ಕೊಂಡು ಅಲ್ಲಿಂದ ಆಸ್ಪತ್ರೆಗೆ." ಅಷ್ಟು ಸುತ್ತು ಅವರ ಮೈಗೆ ತಡೆಯುವುದಿಲ್ಲ, ಅವನೇ ಬಸ್ಸಿನಲ್ಲಿ ಬರಲಿ ಎಂದೆ. "ಕರೆದ್ರೆ ಅಂವ ಬರಕಿಲ್ಲ. ನಾನೇ ಹೋಗಿ ಮನೆ ಮುಂದೆ ನಿಂತ್ರೆ ಬತ್ತಾನೆ" ಎಂದರು. ರಾಮನಗರ, ಮಾಗಡಿ ದಾಟಿ ಹೋದೆವು. ಪ್ರತಿ ರಸ್ತೆ ಉಬ್ಬಿಗೂ ಅವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಎಷ್ಟು ನಿಧಾನ ಮಾಡಿದರೂ ಅವರಿಗೆ ನೋಯುತ್ತಿತ್ತು. ಅಕ್ಕ ಹಿಂದಿನಿಂದ, "ಯಾಕ್ರೀ ಇದೆಲ್ಲ, ಸಾಕು, ತಿರುಗ್ಸಿ" ಎನ್ನುತ್ತಲೇ ಇದ್ದರು. ಮೇಷ್ಟ್ರು ಮುಂದಕ್ಕೆ ಹೋಗುವಂತೆ ನನಗೆ ಕೈ ತೋರಿಸಿದರು. ಸೋಲೂರಿನಲ್ಲಿ ಅಕ್ಕನ ತಮ್ಮ ಹಸುವಿಗೆ ಮೇವು ಹಾಕುತ್ತಿದ್ದ. ಕಾರಿನಲ್ಲಿ ಭಾವನ ಮುಖ ನೋಡಿದವನು ಕೈ ಒರೆಸಿಕೊಂಡು ಬಂದು ಸುಮ್ಮನೆ ಹತ್ತಿದ.

ನನಗಿದ್ದ ಭಯವೇ ಬೇರೆ. ವೈದ್ಯರು ಏನು ಹೇಳುತ್ತಾರೆ ಎನ್ನುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೌದು, ತೆರೆದು ಮಾಡಿದ್ದರೆ ಉಳಿಯುತ್ತಿದ್ದರು ಎಂದುಬಿಟ್ಟರೆ ಅಕ್ಕ ಏನಾಗಬೇಕು? ಇದನ್ನು ಮೇಷ್ಟ್ರು ಯೋಚಿಸಿದ್ದಾರೆಯೇ ಇಲ್ಲವೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಯೋಚಿಸಿದ್ದರು. ವೈದ್ಯರ ಎದುರು ಕುರ್ಚಿಯಲ್ಲಿ ಕೂತು, ಉಸಿರು ಸುಧಾರಿಸಿಕೊಂಡು, "ಮೇಡಂ, ಇವತ್ತು ಔಷಧಿಗೆ ಬಂದಿಲ್ಲ" ಎಂದರು. "ಒಂದು ಮಾತು ಕೇಳಕ್ಕೆ ಬಂದಿವ್ನಿ. ಅವತ್ತು ಹೊಟ್ಟೆ ತೆರ್ದು, ಕೈ ಹಾಕಿ ಮಾಡಿದ್ರೆ, ಇದು ಬತ್ತಿರ್ಲಿಲ್ವಾ? ನನ್ನ ಮುಖ ನೋಡಿ ಸುಳ್ಳು ಹೇಳ್ಬೇಡಿ. ಇದ್ದದ್ದೇ ಹೇಳಿ. ಇವ್ರಿಬ್ರೂ ಕೇಳುಸ್ಕೋಬೇಕು."

ವೈದ್ಯರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ಹಳೆಯ ಸ್ಕ್ಯಾನು, ಹೊಸ ಸ್ಕ್ಯಾನು ಎರಡನ್ನೂ ತೆಗೆದರು. ಅಕ್ಕ ನೆಲ ನೋಡುತ್ತಿದ್ದರು. ತಮ್ಮ ಮುಂದಕ್ಕೆ ಬಾಗಿದ. ವೈದ್ಯರು ಬೆರಳಿಟ್ಟು ತೋರಿಸಿದರು. "ಇದು ನಾನು ಕೊಯ್ದ ಜಾಗ. ಇಲ್ಲಿ ಏನೂ ಇಲ್ಲ ನೋಡಿ, ಸ್ವಚ್ಛವಾಗಿದೆ. ಹೊಸವು ಬಂದಿರೋದು ಈ ಕಡೆ, ಎಡಭಾಗದಲ್ಲಿ. ಹೊಟ್ಟೆ ತೆರೆದು ಮಾಡಿದ್ದರೂ ಈ ಭಾಗವನ್ನ ನಾನು ಮುಟ್ಟುತ್ತಿರಲಿಲ್ಲ, ಅವತ್ತು ಅಲ್ಲಿ ಏನೂ ಕಾಣುತ್ತಿರಲಿಲ್ಲ. ಲಿವರ್ ಕೆಲಸ ಮಾಡ್ತಿದ್ರೂ ವೈರಸ್ ಎಷ್ಟೋ ವರ್ಷದಿಂದ ಅದನ್ನ ಇಡಿಯಾಗಿ ಒಳಗಿಂದ ಕೆಡಿಸ್ತಾ ಬಂದಿತ್ತು. ಅದರಲ್ಲಿ ಇವು ಬಹುಶಃ ಹೊಸದಾಗಿ ಹುಟ್ಟಿದವು. ಬಹುಶಃ ಅಂತಲೇ ಹೇಳ್ತೀನಿ. ಆದರೆ ಯಾವ ದಾರೀಲಿ ಆಪರೇಷನ್ ಮಾಡಿಸಿದ್ರಿ ಅನ್ನೋದರಿಂದ ಇದು ಬಂತು ಅಂತ ಹೇಳೋಕೆ ನನಗೆ ಯಾವ ಕಾರಣವೂ ಕಾಣೋದಿಲ್ಲ."

"ಬೇರು ಉಳ್ಕೊಂಡಿದ್ದಲ್ಲ, ಹಂಗಾರೆ" ಎಂದ ತಮ್ಮ. ಕೇಳಿದ್ದೋ, ತನಗೆ ತಾನೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

"ಹಾಗೆ ಕಾಣೋದಿಲ್ಲ" ಎಂದರು ವೈದ್ಯರು.

ಮೇಷ್ಟ್ರು ಬಾಮೈದನ ತೊಡೆಯ ಮೇಲೆ ಕೈಯಿಟ್ಟರು. "ಕೇಳುಸ್ತೇನ್ಲಾ? ನೀನೂ ನನ್ನ ಒಳ್ಳೇದಕ್ಕೇ ಅಂದೆ, ಅವಳೂ ನನ್ನ ಒಳ್ಳೇದಕ್ಕೇ ಅಂದ್ಲು. ನಾನು ಇರ್ದೇ ಇದ್ದಾಗ ಇದೇ ಮಾತು ಹಿಡ್ಕೊಂಡು ನೀವಿಬ್ರೂ ದೂರ ಆಗ್ಬ್ಯಾಡಿ. ನಂಗೆ ಅದಷ್ಟೇ ಬೇಕಾಗಿದ್ದು." ಅವನು ತಲೆ ಎತ್ತಲಿಲ್ಲ. ಅಕ್ಕ ಅಳಲಿಲ್ಲ. ಎಷ್ಟೋ ದಿನದಿಂದ ಬಿಗಿ ಹಿಡಿದಿದ್ದ ಭುಜಗಳು ಕೆಳಗಿಳಿದದ್ದನ್ನು ಮಾತ್ರ ನಾನು ನೋಡಿದೆ.

ಹೊರಗೆ ಬಂದ ಮೇಲೆ ತಮ್ಮ ಎಲ್ಲೋ ಕಾಣೆಯಾದ. ಸ್ವಲ್ಪ ಹೊತ್ತಿಗೆ ಕ್ಯಾಂಟೀನಿನಿಂದ ಮೊಸರನ್ನದ ಪೊಟ್ಟಣ ಹಿಡಿದು ಬಂದು ಅಕ್ಕನ ಮುಂದೆ ನಿಂತ. "ಅಕ್ಕ, ಒಸಿ ಉಣ್ಣು" ಎಂದ. ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತು, ಒಂದು ಅಗುಳೂ ಬಿಡದೆ ಉಂಡರು.

ಮುಂದಿನ ಬೇಸಿಗೆಯನ್ನು ಮೇಷ್ಟ್ರು ಕಾಣಲಿಲ್ಲ. ಕೊನೆಯ ವಾರಗಳಲ್ಲಿ ಅಕ್ಕನ ತಮ್ಮ ಹಸುಗಳನ್ನು ಬೇರೆಯವರಿಗೆ ಒಪ್ಪಿಸಿ ಬಂದು ಇಲ್ಲೇ ಇದ್ದ. ಭಾವನನ್ನು ಮಗ್ಗುಲು ತಿರುಗಿಸುವುದು, ಮೈ ಒರೆಸುವುದು ಎಲ್ಲ ಅವನೇ. ಒಂದು ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ನನ್ನ ಹೆಸರು ಕೂಗಿದ್ದೂ ಅವನೇ. ಆ ಕೂಗಿನಲ್ಲೇ ಗೊತ್ತಾಯಿತು...

ಹೋದ ವಾರ ಆ ಕಲಿಯುವ ಹುಡುಗಿಯ ಕಾರು ಕೊನೆಗೂ ಏರು ಹತ್ತಿತು. ನಾನು ನನ್ನ ಮನೆಗೆ ಹೋಗದೆ ಅಕ್ಕನ ಮನೆಯ ಮುಂದೆ ನಿಲ್ಲಿಸಿದೆ. ಅಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಸುಲಿಯತೊಡಗಿದೆ. ಮಾತು ಅಲ್ಲಿಗೇ ಬಂತು. "ಆ ಎರಡು ವರ್ಷ ಸಿಕ್ತಲ್ಲ ಕಣವ್ವ. ಓಡಾಡ್ಕೊಂಡು, ನಕ್ಕೊಂಡು ಇದ್ರು. ಮೊಮ್ಮಗನ್ನ ಎತ್ಕೊಂಡು ತಿರುಗುದ್ರು. ಅಷ್ಟು ಸಿಕ್ತು ಅಂತ ಅಂದ್ಕೋತೀನಿ" ಎಂದರು ಅಕ್ಕ. ನಾನೇ ಕೊಂದೆ ಎಂಬ ಮಾತು ಈಗ ಅವರ ಬಾಯಲ್ಲಿ ಬರುವುದಿಲ್ಲ. ನಾನು ಹೌದು ಎಂದು ತಲೆಯಾಡಿಸಿದೆ. ನನಗೆ ಅಷ್ಟು ಸಾಲಲಿಲ್ಲ ಅಕ್ಕ ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು. ಅವರಿಗೂ ಸಾಲಲಿಲ್ಲವೆಂದು ಗೊತ್ತಿದ್ದರಿಂದ ಅದನ್ನು ನುಂಗಿಕೊಂಡು ಇನ್ನೊಂದು ಕಾಯಿ ಸುಲಿದೆ.